ಬಾಯಲ್ಲಿಟ್ಟುಕೊಂಡು ಹೋದ ಹಲ್ಲು

ನಾನು ಕಲಿತದ್ದು ಮೂರನೇ ಇಯತ್ತೆ. ಇಲ್ಲದ್ದನ್ನು ಹೆಣೆದು ಬರೆಯುವಷ್ಟು ಅಕ್ಷರ ನನ್ನ ಕೈಯಲ್ಲಿಲ್ಲ. ಆದದ್ದನ್ನು ಆದ ಹಾಗೆ ಬರೆಯುವುದೇ ನನಗೆ ಕಷ್ಟ, ಸುಳ್ಳು ಬರೆಯುವ ಜಾಣತನ ಎಲ್ಲಿಂದ ತರಲಿ? ನಂಬದವರು ನಮ್ಮ ಮನೆಗೆ ಬರಲಿ. ಬಾಯಿ ತೆರೆದು ತೋರಿಸುತ್ತೇನೆ. ಮೇಲಿನ ಸಾಲು, ಎಡಗಡೆ, ಮುಂದಿನಿಂದ ಎರಡನೆಯದು. ಅದನ್ನು ನೋಡಿದ ಮೇಲೂ ನಗುವವರಿದ್ದರೆ ನಗಲಿ.

ಆದರೆ ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೆ ಉಂಡ ಅನ್ನ ಕರಗುವುದಿಲ್ಲ. ನನ್ನ ಮೊಮ್ಮಗಳು ನೀಲಾ ಮ್ಯಾಟ್ರಿಕ್ ಪಾಸಾದಳು. ನಮ್ಮ ಮನೆತನದಲ್ಲಿ ಗಂಡು ಹೆಣ್ಣು ಎಲ್ಲ ಸೇರಿ ಇವಳೇ ಮೊದಲನೆಯವಳು. ಬಾಗಲಕೋಟೆಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದೆವು. ಫೋಟೋದವನು "ಬಾಯಿ ಮುಚ್ಚಿಕೊಂಡು ಸ್ವಲ್ಪ ನಗಬೇಕವಾ" ಎಂದ. ಇವಳು ಇದ್ದಬದ್ದ ಹಲ್ಲೆಲ್ಲ ತೋರಿಸಿ ನಕ್ಕಳು. ಆ ಫೋಟೋ ಈಗ ಪಡಸಾಲೆಯ ಗೋಡೆಯ ಮೇಲಿದೆ. ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ಅದನ್ನು ತೋರಿಸುತ್ತೇನೆ. ಅವಳಪ್ಪ, ನನ್ನ ಮಗ ಈರಪ್ಪ ಬೈಯುತ್ತಾನೆ. "ಯವ್ವಾ, ಬಂದವರು ದಣದು ಬಂದಿರತಾರ, ಮೊದಲ ಕೂಡಾಕರ ಹೇಳು." ಅವನು ಬೈಯಲಿ. ಆ ಮುಂದಿನ ಹಲ್ಲನ್ನು ನೋಡಿದರೆ ನನ್ನ ಎದೆ ತುಂಬಿ ಬರುತ್ತದೆ.

ಯಾಕೆಂದರೆ ಆ ನಗುವಿನಲ್ಲಿ ಆ ಹಲ್ಲು ಇರಬಾರದಿತ್ತು.

ಅದು ಹೇಗೆ ಉಳಿಯಿತು ಅಂತ ಊರಿಗೆಲ್ಲ ಗೊತ್ತು. ಅರ್ಧ ಮಾತ್ರ. ಉಳಿದರ್ಧವನ್ನು ಇವತ್ತು ಬರೆಯುತ್ತಿದ್ದೇನೆ... ಬರೆಯದೆ ಇರುವ ಹಾಗಿಲ್ಲ ಈಗ.

ಆಗ ನೀಲಾಳಿಗೆ ಎಂಟು ತುಂಬಿತ್ತು. ಎಪ್ಪತ್ತೇಳೋ ಎಪ್ಪತ್ತೆಂಟೋ ಇರಬೇಕು. ತುಳಸಿಗೇರಿಯಿಂದ ಮೂರು ಮೈಲಿ ಒಳಗೆ ನಮ್ಮ ಊರು. ಕರೆಂಟು ಬಂದಿರಲಿಲ್ಲ. ಸಂಕ್ರಾಂತಿ ಕಳೆದು ಬಿಳಿಜೋಳ ತೆನೆ ಕಟ್ಟಿ ಒಣಗುತ್ತಿದ್ದ ದಿನಗಳು. ಸೊಸೆ ಎರಡನೇ ಹೆರಿಗೆಗೆಂದು ಬಾದಾಮಿ ಕಡೆ ತವರಿಗೆ ಹೋಗಿದ್ದಳು. ಹೋಗುವಾಗ ನೀಲಾಳ ಕೈಯನ್ನು ನನ್ನ ಕೈಯಲ್ಲಿಟ್ಟು, "ಅತ್ತಿ, ಭಾಳ ಕಿಡಿಗೇಡಿ ಐತಿ, ಕಣ್ಣಾಗ ಕಣ್ಣಿಟ್ಟು ನೋಡ್ರಿ" ಎಂದಿದ್ದಳು. ನಾನು "ನೀ ಹೋಗ, ನಾ ಅದೀನಿ" ಎಂದಿದ್ದೆ.

ಊರಿಗೆ ಆಗತಾನೆ ಬೋರಿಂಗ್ ಹಾಕಿದ್ದರು. ಕೈಯಿಂದ ಒತ್ತಿದರೆ ನೀರು ಬರುವ ಪಂಪು. ಮಕ್ಕಳಿಗೆ ಅದೇ ಆಟ. ಅದರ ಕಬ್ಬಿಣದ ಹಿಡಿಕೆಗೆ ಜೋತುಬಿದ್ದು ಮೇಲೆ ಕೆಳಗೆ ಆಗುವುದು. ಆ ದಿನ ಹೊತ್ತು ಇಳಿಯುವಾಗ ನೀಲಾಳ ಕೈ ಜಾರಿದೆ. ಕೆಳಗಿದ್ದ ಹಿಡಿಕೆ ಜಿಗಿದು ಮೇಲೆದ್ದು ನೇರ ಬಾಯಿಗೆ ಬಡಿದಿದೆ.

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಬಾಗಿಲಲ್ಲಿ ಬಂದು ನಿಂತಳು. ಅಳುತ್ತಿರಲಿಲ್ಲ. ಗದ್ದದಿಂದ ಲಂಗದ ತನಕ ರಕ್ತ. ಬಲಗೈ ಮುಷ್ಟಿ ಬಿಗಿಯಾಗಿತ್ತು. ಬಿಡಿಸಿದೆ. ಒಳಗೆ ಹಲ್ಲು.

ಹಸಿ ಬಟ್ಟೆ ಒತ್ತಿ ರಕ್ತ ನಿಲ್ಲಿಸಿದೆ. ಹಲ್ಲನ್ನು ನೋಡಿದೆ. ಬುಡದಲ್ಲಿ ಉದ್ದಕ್ಕೆ ಬೇರಿತ್ತು. ತಾನಾಗಿ ಬಿದ್ದ ಹಾಲುಹಲ್ಲಿಗೆ ಹಾಗೆ ಬೇರಿರುವುದಿಲ್ಲ ಅಂತ ನನಗೆ ಹೊಳೆಯಲಿಲ್ಲ. ಎಂಟು ವರ್ಷದ ಹುಡುಗಿ, ಹಲ್ಲು ಬೀಳುವ ವಯಸ್ಸೇ ಅಲ್ಲವೇ, ಇನ್ನೊಂದು ಬರುತ್ತದೆ ಅಂದುಕೊಂಡೆ.

ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವುದು ನಮ್ಮಲ್ಲಿ ರೂಢಿ. ನಮ್ಮದು ಮಣ್ಣಿನ ಮಟ್ಟಸ ಮಾಳಿಗೆ. ನನ್ನ ನಾಲ್ಕು ಮಕ್ಕಳ ಹಲ್ಲನ್ನೂ ಅಲ್ಲಿಗೇ ಎಸೆದಿದ್ದೆ. ನನ್ನ ಗಂಡನ ಹಲ್ಲನ್ನು ಅವರವ್ವ ಎಸೆದಿದ್ದಳು. ಆ ಹೊತ್ತಿಗೆ ಎಮ್ಮೆ ಮೇಯಲು ಹೋಗಿತ್ತು, ಹಿತ್ತಲಲ್ಲಿ ಹಸಿ ಸಗಣಿ ಇರಲಿಲ್ಲ. ಬರಿಯ ಹಲ್ಲನ್ನೇ ಅಂಗಳದಲ್ಲಿ ನಿಂತು ಮೇಲೆಸೆದೆ. ಎಸೆಯುವಾಗ ಹೇಳುವ ಮಾತನ್ನೂ ಹೇಳಿದೆ.

"ಹಳೇ ಹಲ್ಲು ತಗೋ, ಹೊಸಾ ಹಲ್ಲು ಕೊಡು."

ಮೇಲೆ ಟಪ್ ಎಂದು ಬಿದ್ದ ಸದ್ದು ಕೇಳಿಸಿತು.

ಅಷ್ಟರಲ್ಲಿ ಯಾರೋ ಹೇಳಿ ನರ್ಸಬಾಯಿ ಓಡಿಬಂದಳು. ನಮ್ಮ ಊರಿನಲ್ಲಿ ಬಾಣಂತನ ನೋಡುತ್ತಿದ್ದವಳು. ಅದಕ್ಕೂ ಮೊದಲು ಮಿರಜ್ ಕಡೆ ಹಲ್ಲಿನ ಡಾಕ್ಟರರೊಬ್ಬರ ಕೈಕೆಳಗೆ ಐದಾರು ವರ್ಷ ದುಡಿದಿದ್ದಳು. ನೀಲಾಳ ಬಾಯಿಗೆ ಕಂದೀಲು ಹಿಡಿದು ನೋಡಿದಳು.

"ಹಲ್ಲೆಲ್ಲೈತಿ ಗೌರವ್ವಾ?"

"ಮಾಳಗಿ ಮ್ಯಾಲ ಒಗದೇನ್ರಿ ಬಾಯಿ."

"ಯಾಕ ಒಗದ್ರಿ?"

"ಎಲ್ಲಾರೂ ಒಗೀತಾರ, ನಾನೂ ಒಗದೆ."

ಅವಳು ಹಣೆ ಒತ್ತಿಕೊಂಡಳು. "ಇದು ಹಾಲಹಲ್ಲಲ್ಲರಿ. ಹೋದ ವರ್ಷನ ಬಿದ್ದು ಹುಟ್ಟಿದ್ದು ಇದು. ಹೋತಂದ್ರ ಇದರ ಜಾಗಾದಾಗ ಮತ್ತೊಂದು ಬರಂಗಿಲ್ಲ. ಸಾಯೋತನಕ ಹುಡಿಗಿ ಬಾಯಾಗ ಕಿಂಡಿ. ಹತ್ರಿ, ಮೊದಲ ಹುಡುಕಿ ತರ್ರಿ. ಬೇರು ಒಣಗೋದ್ರಾಗ ಒಯ್ದರ ತಿರುಗಿ ಕೂಡಿಸತಾರ. ಬೇರು ಮುಟ್ಟಬ್ಯಾಡ್ರಿ ಮತ್ತ, ತಲೀ ಕಡೆ ಹಿಡೀರಿ. ಸೆರಗಿಲೆ ಒರಸೀರಿ, ಹುಷಾರ್."

ಸೊಸೆಯ ಮುಖ ಕಣ್ಣಮುಂದೆ ಬಂತು. ಐವತ್ತು ದಾಟಿದ ಹೆಂಗಸು ನಾನು, ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದೆ.

ಮೇಲೆ ಇನ್ನೂ ನಸು ಬೆಳಕಿತ್ತು. ಎಸೆದ ಮೂಲೆಯನ್ನೆಲ್ಲ ಕಣ್ಣಿನಿಂದ ಸೋಸಿದೆ. ಇರಲಿಲ್ಲ. ಆಗ ಒಂದು ಮಾತು ತಲೆಗೆ ಬಂತು. ಮೂವತ್ತು ವರ್ಷದಿಂದ ಈ ಮಾಳಿಗೆಗೆ ಎಷ್ಟು ಹಲ್ಲು ಎಸೆದಿದ್ದೇನೆ. ಮಳೆಗಾಲದ ಮುಂಚೆ ಮಣ್ಣು ಹಾಕಲು ನಾವೇ ಹತ್ತುತ್ತೇವೆ, ಕಸ ಗುಡಿಸುತ್ತೇವೆ. ಒಂದು ಸಲವಾದರೂ ಒಂದು ಹಲ್ಲನ್ನು ಕಂಡಿದ್ದೇನೆಯೇ?

ಇಲ್ಲ. ಎಂದೂ ಇಲ್ಲ.

ತಿರುಗಿ ನೋಡಿದರೆ, ನಡುವೆ ಬೆಳಕಿಂಡಿಯ ಮೇಲೆ ಮುಚ್ಚುವ ಬಿಳಿ ಹಾಸುಗಲ್ಲಿನ ಮೇಲೆ ಅದು ಇತ್ತು. ನಾನು ಎಸೆದ ಕಡೆಯಿಂದ ಹತ್ತು ಮಾರು ಈಚೆ. ಉರುಳಿ ಬಂದಿರಬೇಕು ಎನ್ನೋಣವೆಂದರೆ ಕಲ್ಲು ನೆಲಕ್ಕಿಂತ ಗೇಣು ಎತ್ತರ.

ತಲೆಯ ಕಡೆ ಹಿಡಿದು ಎತ್ತಿದೆ. ಒದ್ದೆಯಾಗಿತ್ತು. ರಕ್ತವಲ್ಲ. ಮಣ್ಣಿನ ಕಣವೂ ಹತ್ತಿರಲಿಲ್ಲ. ಯಾರೋ ಅಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಂಡಿದ್ದು, ನನ್ನ ಹೆಜ್ಜೆ ಸಪ್ಪಳ ಕೇಳಿ ತೆಗೆದಿಟ್ಟಂತೆ... ಬೆಚ್ಚಗಿತ್ತು.

ಇಳಿದುಬಂದು ಕೊಟ್ಟೆ. ನರ್ಸಬಾಯಿಗೆ ಆಶ್ಚರ್ಯ. "ಚೊಲೋ ಆತು, ಒಣಗಿಲ್ಲ. ಸಗಣ್ಯಾಗ ಸುತ್ತಿದ್ದರ ಕೆಲಸ ಕೆಡತಿತ್ತು, ಧನುರ್ವಾಯುನೂ ಆಗತಿತ್ತು. ಈಗ ನೋಡ್ರಿ, ಇದನ್ನ ಬಟ್ಟ್ಯಾಗ ಕಟ್ಟಂಗಿಲ್ಲ. ಬಾಯಾಗ ಇಟ್ಟಕೊಂಡು ಒಯ್ಯಬೇಕು. ಉಗುಳಿನ್ಯಾಗ ಅದರ ಜೀವ ಉಳೀತೈತಿ. ಹುಡಿಗಿ ಬಿಕ್ಕಾಕತ್ತೇತಿ, ನುಂಗಿಬಿಟ್ಟೀತು. ನೀವ ಇಟ್ಟಕೋರಿ, ಗಲ್ಲದ ಒಳಮಗ್ಗಲಾಗ. ಬಾಗಲಕೋಟಿ ಮುಟ್ಟೋತನಕ ಬಾಯಿ ತಗೀಬ್ಯಾಡ್ರಿ. ನೀರು ಕುಡೀಬ್ಯಾಡ್ರಿ, ಮಾತಾಡಬ್ಯಾಡ್ರಿ."

ಎತ್ತು ಕಟ್ಟುತ್ತಿದ್ದ ಈರಪ್ಪ ಆ ಸಂಕಟದಲ್ಲೂ ಹೇಳಿದ: "ನಮ್ಮವ್ವ ಮಾತಾಡದ ಕುಂದರತಾಳ? ಬಾಯಿ, ಬ್ಯಾರೆ ಏನರ ಔಷಧ ಹೇಳ್ರಿ."

ನರ್ಸಬಾಯಿಗೆ ಹೆರಿಗೆಯೊಂದು ಕಾಯುತ್ತಿತ್ತು, ಜೊತೆಗೆ ಬರುವ ಹಾಗಿರಲಿಲ್ಲ. ಬಾಗಲಕೋಟೆಯ ಹಳೇ ಪೇಟೆಯಲ್ಲಿ ಹೊಸದಾಗಿ ಬಂದ ಹಲ್ಲಿನ ಡಾಕ್ಟರರ ಗುರುತು ಹೇಳಿದಳು. ಸಂಜೆಯ ಬಸ್ಸು ಹೋಗಿಯಾಗಿತ್ತು. ಡಾಂಬರ್ ರಸ್ತೆಯ ತನಕ ಬಂಡಿ, ಅಲ್ಲಿಂದ ಸಿಕ್ಕ ಲಾರಿ.

ನಾನು ಹಲ್ಲನ್ನು ಬಲಗಲ್ಲದ ಒಳಗೆ ಇಟ್ಟುಕೊಂಡು ತುಟಿ ಮುಚ್ಚಿದೆ. ಉಪ್ಪುಪ್ಪು ರುಚಿ. ಮೊಮ್ಮಗಳ ಹಲ್ಲು ನನ್ನ ಬಾಯಲ್ಲಿ... ಹೆದರಿಕೆಯ ಒಳಗೇ ಎಂಥದೋ ಅಕ್ಕರೆ ಉಕ್ಕಿ ಕಣ್ಣು ತುಂಬಿದವು.

ಬಂಡಿಯ ಮುಂದೆ ಈರಪ್ಪ. ಹಿಂದೆ ಒಣ ಜೋಳದ ಕಣಿಕೆಯ ಹಾಸಿನ ಮೇಲೆ ನಾನು. ತೊಡೆಯ ಮೇಲೆ ನೀಲಾ, ಬಾಯಿಗೆ ಹಸಿ ಬಟ್ಟೆ ಒತ್ತಿಕೊಂಡು ಅತ್ತು ಅತ್ತು ನಿದ್ದೆ ಹೋಗಿದ್ದಳು. ಅಚ್ಚಿನ ಕೆಳಗೆ ಕಂದೀಲು ಜೋಲಾಡುತ್ತಿತ್ತು. ಎರಡೂ ಕಡೆ ಒಣಗಿದ ಜೋಳದ ಎಲೆ ಸರಸರ ಎನ್ನುತ್ತಿದ್ದವು.

ಹಳ್ಳ ದಾಟಿದ ಮೇಲೆ ಗಾಳಿ ನಿಂತಿತು. ಎಲೆಗಳ ಸದ್ದು ನಿಂತಿತು. ಎತ್ತಿನ ಕೊರಳ ಗಂಟೆ ಮಾತ್ರ.

ಆಗ ವಾಸನೆ ಬಂತು. ಮೊದಲ ಮಳೆ ಬಿದ್ದಾಗ ಮಣ್ಣಿನ ಮಾಳಿಗೆಯಿಂದ ಬರುವ ವಾಸನೆ. ಮಳೆ ಬಿದ್ದು ಮೂರು ತಿಂಗಳಾಗಿತ್ತು.

ಹಿಂದೆ ಬರಿಗಾಲಿನ ಹೆಜ್ಜೆ. ದೂಳಿನಲ್ಲಿ ಮೆತ್ತಗೆ, ಬಂಡಿಯ ಜೊತೆಜೊತೆಗೇ. ಯಾರೋ ಊರಿನವರು ರಸ್ತೆಗೆ ಹೊರಟಿರಬೇಕು ಎಂದುಕೊಂಡು ತಿರುಗಿ ನೋಡಿದೆ. ಕಂದೀಲಿನ ಬೆಳಕು ಚಕ್ರದಾಚೆ ಹೋಗುತ್ತಿರಲಿಲ್ಲ. ಏನೂ ಕಾಣಲಿಲ್ಲ. ಹೆಜ್ಜೆ ಮಾತ್ರ ನಿಲ್ಲಲಿಲ್ಲ.

"ಕೊಟ್ಟಿದ್ದನ್ನ ಯಾಕ ತಗೊಂಡಿ?"

ಕಿವಿಯ ಬುಡದಲ್ಲೇ ಕೇಳಿಸಿತು. ಹಲ್ಲಿಲ್ಲದ ಬಾಯಿಯ ಮಾತು, ಗಾಳಿ ಸೋರುವ ಮಾತು. ಮುಂದಿನ ಹಲ್ಲು ಬಿದ್ದ ಕೂಸು ಹಾಗೆ ಆಡುತ್ತದೆ. ಎಲ್ಲ ಹಲ್ಲು ಉದುರಿದ ಮುದುಕಿಯೂ ಹಾಗೇ ಆಡುತ್ತಾಳೆ. ಇದು ಯಾವುದೆಂದು ಗೊತ್ತಾಗಲಿಲ್ಲ.

ನಾನು ತುಟಿ ಬಿಗಿದೆ.

"ನಿಮ್ಮ ಮನ್ಯಾಗ ಎಷ್ಟು ತಗೊಂಡೇನಿ. ಒಂದರ ತಿರುಗಿ ಕೇಳಿದ್ದೇನು? ಹೊಸಾವು ಕೊಟ್ಟಿಲ್ಲೇನು?"

ಸಿಟ್ಟಿನ ದನಿಯಲ್ಲ ಅದು. ಆಡುವಾಗ ಕೈಯಿಂದ ಬೊಂಬೆ ಕಸಿದುಕೊಂಡರೆ ಕೂಸು ಕೇಳುವ ದನಿ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಯಾಕೆಂದರೆ ಮಾತು ಸುಳ್ಳಲ್ಲ. ತಗೋ ಎಂದವಳು ನಾನೇ. ಕೊಟ್ಟವಳು ನಾನೇ.

ಬಂಡಿ ಹಿಂದಕ್ಕೆ ಜಗ್ಗಿತು. ಹಿಂದಿನ ಅಂಚಿನ ಮೇಲೆ ಯಾರೋ ಏರಿ ಕೂತಂತೆ. ನೊಗ ಮೇಲೆದ್ದು ಎತ್ತುಗಳು ಮುಸುಗುಟ್ಟಿ ನಿಂತವು.

"ಯವ್ವಾ, ಮುಂದ ಸರಿ," ಈರಪ್ಪ ತಿರುಗದೆಯೇ ಹೇಳಿದ. "ಬಂಡಿ ಹಿಂಭಾರ ಆಗೇತಿ. ಎತ್ತಿನ ಕೊಳ್ಳಿಗೆ ಉರಲು ಬೀಳಾಕತ್ತೇತಿ."

ನಾನು ನೀಲಾಳನ್ನು ಎಳೆದುಕೊಂಡು ಅವನ ಬೆನ್ನಿಗೆ ಹತ್ತುವ ತನಕ ಸರಿದೆ. ಇಬ್ಬರೂ ಮುಂದೆ ಬಂದೆವು. ಬಂಡಿ ಹಿಂಭಾರವಾಗಿಯೇ ಇತ್ತು.

"ಇನ್ನೂ ಸರಿ ಅಂದ್ನೆಲ್ಲಾ..." ಎಂದು ತಿರುಗಿದವನ ಕೈಗೆ ನನ್ನ ತಲೆಯೇ ತಾಗಿತು. ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಆಮೇಲೆ ಎತ್ತುಗಳಿಗೆ ಬಾರುಕೋಲು ಬೀಸಿದ. ಅವನು ಎತ್ತಿಗೆ ಹೊಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಾಸನೆ ಹತ್ತಿರ ಬಂತು. ನೀಲಾಳ ಹಣೆಯ ಕೂದಲು ಅಲುಗಿತು, ಯಾರೋ ಬಗ್ಗಿ ಉಸಿರು ಬಿಟ್ಟಂತೆ.

"ಇದರ ಬದ್ಲಿ ನಿಂದೊಂದು ಕೊಡತೀಯೇನು?"

ನನ್ನ ನಾಲಗೆ ಗಲ್ಲದೊಳಗಿನ ಹಲ್ಲಿಗೆ ಅಡ್ಡವಾಗಿ ನಿಂತಿತ್ತು.

"ಒಲ್ಲೆ ಅಂದ್ರ ಒಲ್ಲೆ ಅನ್ನು. ಬಾಯಿ ತಗದು ಅನ್ನು. ಸುಮ್ಮಕುಂತರ ಹೂಂ ಅಂತ ತಿಳೀತೀನಿ."

ನಾನು ಊರಿಗೇ ಬಾಯಾಳಿ. ಸಂತೆಯಲ್ಲಿ ಕೊತ್ತಂಬರಿಯವಳ ಜೊತೆ ಗಂಟೆಗಟ್ಟಲೆ ವಾದ ಮಾಡಿದವಳು. ಒಲ್ಲೆ ಎನ್ನುವ ಒಂದು ಮಾತು ಗಂಟಲಿಗೆ ಬಂದು ನಿಂತಿತ್ತು. ಆದರೆ ಬಾಯಿ ತೆರೆದರೆ? ಅದು ಕಾದಿದ್ದು ಅದಕ್ಕೇ ಇರಬೇಕು. ತಲೆಯನ್ನಾದರೂ ಅಲ್ಲಾಡಿಸಬಹುದಿತ್ತು, ಅದನ್ನೂ ಮಾಡಲಿಲ್ಲ. ನಿಜ ಬರೆಯುತ್ತೇನೆ. ಒಳಗೊಳಗೆ ನಾನೇ ಅಂದೆ, ನನ್ನದು ತಗೋ, ಹುಡುಗಿಯದು ಬಿಡು.

ನೂರು ಎಣಿಸುವಷ್ಟು ಹೊತ್ತು ಏನೂ ಇಲ್ಲ.

ಆಮೇಲೆ ಬಂಡಿ ಹಗುರಾಯಿತು. ಜೋಳದ ಎಲೆ ಮತ್ತೆ ಸರಸರ ಎಂದವು. ತುಳಸಿಗೇರಿಯ ಹಣಮಪ್ಪನ ಗುಡಿಯ ದೀಪ ದೂರದಲ್ಲಿ ಕಂಡಿತು.

ರಸ್ತೆಯಲ್ಲಿ ಸುಣ್ಣದ ಕಲ್ಲು ತುಂಬಿದ ಲಾರಿ ಸಿಕ್ಕಿತು. ಗುಡಿಯ ಹತ್ತಿರ ಪರಿಚಯದವರ ಮನೆಯಲ್ಲಿ ಬಂಡಿ ಬಿಟ್ಟು ಹತ್ತಿದೆವು. ಡ್ರೈವರ್ ಒಳ್ಳೆಯವನು. "ಅಜ್ಜಿಗೇನಾಗೇತ್ರಿ, ಮಾತ ಆಡವಲ್ಲಳು?" ಎಂದ. ಈರಪ್ಪ "ಬಾಯಾಗ ಹಲ್ಲು ಐತ್ರಿ" ಎಂದ. ಡ್ರೈವರ್ "ನನ್ನ ಬಾಯಾಗೂ ಅದಾವಲ್ಲೋ ಮಾರಾಯಾ" ಎಂದು ನಕ್ಕ. ಈರಪ್ಪ ನಗಲಿಲ್ಲ. ದಾರಿಯುದ್ದಕ್ಕೂ ಅವನು ಹಿಂದಿನ ಕತ್ತಲೆಯನ್ನು ಕನ್ನಡಿಯಲ್ಲಿ ನೋಡುತ್ತಿದ್ದ. ನೋಡಿದ್ದು ಏನೆಂದು ಇವತ್ತಿಗೂ ಹೇಳಿಲ್ಲ.

ಡಾಕ್ಟರರು ಬಟ್ಟೆ ಅಂಗಡಿಯ ಮೇಲಿನ ಕೋಣೆಗೆ ಬೀಗ ಹಾಕುತ್ತಿದ್ದರು. ಎಳೆಯ ವಯಸ್ಸಿನವರು, ಧಾರವಾಡದ ಕಡೆಯವರು. ನೀಲಾಳ ಬಾಯಿ ನೋಡಿ, ಯಾವಾಗ ಬಿದ್ದದ್ದೆಂದು ಈರಪ್ಪನನ್ನು ಕೇಳುತ್ತಲೇ ಬೀಗ ತೆಗೆದರು. ಲವಂಗದ ಎಣ್ಣೆ, ಸ್ಪಿರಿಟ್ಟಿನ ವಾಸನೆ. ಎತ್ತರದ ಕುರ್ಚಿ. ದೊಡ್ಡ ದೀಪ.

"ಎರಡೂವರಿ ತಾಸು ಆತಲ್ಲರಿ. ಹಲ್ಲು ಎಲ್ಲೈತಿ?"

ಈರಪ್ಪ ನನ್ನ ಕಡೆ ಬೆರಳು ತೋರಿಸಿದ.

ಡಾಕ್ಟರರ ಮುಖ ಅರಳಿತು. "ಬಾಯಾಗ ತಂದೀರಿ? ಯಾರು ಹೇಳಿದ್ರೋ ಪುಣ್ಯಾತ್ಮರು. ಅಜ್ಜಿ, ನಿಧಾನಕ್ಕ ಇದರಾಗ ಬಿಡ್ರಿ." ಒಂದು ಸ್ಟೀಲಿನ ತಟ್ಟೆಯನ್ನು ನನ್ನ ಗದ್ದದ ಕೆಳಗೆ ಹಿಡಿದರು.

ನಾನು ಬಗ್ಗಿ ಬಾಯಿ ತೆರೆದೆ.

ಟಣ್ ಎಂದು ಬಿತ್ತು.

ಮತ್ತೊಮ್ಮೆ, ಟಣ್.

ತಟ್ಟೆಯಲ್ಲಿ ಎರಡು ಹಲ್ಲು.

"ಎರಡು ಬಿದ್ದಾವ ಅಂತ ಹೇಳಲೇ ಇಲ್ಲಲ್ಲ?" ಎನ್ನುತ್ತಾ ಡಾಕ್ಟರರು ದೀಪ ತಿರುಗಿಸಿದರು. ಚಿಮಟಿಗೆಯಿಂದ ಹೊರಳಿಸಿದರು. "ಇದು ಹುಡುಗೀದು. ಇದು... ಇದು ವಯಸ್ಸಾದವರದು. ಸವದೈತಿ, ಎಲಿ ಅಡಿಕಿ ಕಲಿ ಐತಿ."

ನನ್ನ ನಾಲಗೆ ತಾನಾಗಿಯೇ ಹುಡುಕಲು ಹೋಯಿತು. ಮೇಲಿನ ಸಾಲು, ಎಡಗಡೆ, ಮುಂದಿನಿಂದ ಎರಡನೆಯದು. ಅಲ್ಲಿ ಹಲ್ಲು ಇರಲಿಲ್ಲ. ಆ ಮಧ್ಯಾಹ್ನ ಅದೇ ಹಲ್ಲಿನಿಂದ ಕಡಲೆ ಕಡಿದಿದ್ದೆ. ಹುಳುಕಿರಲಿಲ್ಲ, ಅಲುಗುತ್ತಿರಲಿಲ್ಲ.

"ಡಾಕ್ಟರ, ಇದು ನಂದು. ಈಗ ಬಿದ್ದದ್ದು," ಎಂದೆ. ಅಷ್ಟು ಹೊತ್ತಿನ ಮೇಲೆ ಆಡಿದ ಮೊದಲ ಮಾತು. ದನಿಯಲ್ಲಿ ಗಾಳಿ ಸೋರಿತು. ನನ್ನ ದನಿಗೆ ನಾನೇ ಬೆಚ್ಚಿದೆ.

ಅವರು ನನ್ನ ತುಟಿ ಎತ್ತಿ ನೋಡಿದರು. ತುಸು ಹೊತ್ತು ನೋಡಿದರು.

"ಈಗ ಹ್ಯಾಂಗ ಬೀಳತೈತಿ ಅಜ್ಜಿ? ರಕ್ತ ಇಲ್ಲ, ಗಾಯ ಇಲ್ಲ. ಒಸಡು ಪೂರಾ ಮಾಯೇತಿ. ಈ ಹಲ್ಲು ಹೋಗಿ ಕಡಿಮಿ ಅಂದ್ರ ವರ್ಷ ಆಗೇತಿ."

ಈರಪ್ಪ ಗೋಡೆಗೆ ಆತು ಕೂತುಬಿಟ್ಟ.

ಡಾಕ್ಟರರಿಗೆ ನನ್ನ ಜೊತೆ ವಾದ ಮಾಡಲು ಹೊತ್ತಿರಲಿಲ್ಲ. ನೀಲಾಳಿಗೆ ಮರಗಟ್ಟುವ ಸೂಜಿ ಕೊಟ್ಟರು. ಹಲ್ಲನ್ನು ಉಪ್ಪು ನೀರಿನಂಥದರಲ್ಲಿ ಅದ್ದಿ, ಬೇರು ಮುಟ್ಟದೆ, ಗಾಯದ ಗೂಡು ತೊಳೆದು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಕಟ್ ಎಂದು ಕೂತಿತು. ಕೂದಲಿನಂಥ ತಂತಿಯಿಂದ ಅಕ್ಕಪಕ್ಕದ ಹಲ್ಲುಗಳಿಗೆ ಬಿಗಿದರು. ಧನುರ್ವಾಯು ಬಾರದಂತೆ ತೋಳಿಗೆ ಇನ್ನೊಂದು ಸೂಜಿ. "ಮೂರು ವಾರ ಅಂಬಲಿ, ಹಾಲು, ಅನ್ನ. ರೊಟ್ಟಿ ಕಡೀಬಾರದು. ಹಿಡೀತೈತಿ ಅಂತ ಖಾತ್ರಿ ಹೇಳಂಗಿಲ್ಲ, ತಡಾ ಆಗೇತಿ. ನೋಡೋಣು."

ಹೊರಡುವಾಗ ನನ್ನ ಹಲ್ಲನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಕೊಡುವಾಗ ನನ್ನ ಕಣ್ಣು ನೋಡಲಿಲ್ಲ.

ಮರುದಿನ ಸಂಜೆ ಊರಿಗೆ ಬಂದೆವು. ಆ ಹಲ್ಲನ್ನು ಮನೆಯಲ್ಲಿ ಇಟ್ಟುಕೊಳ್ಳುವ ಧೈರ್ಯ ನನಗಿರಲಿಲ್ಲ. ಹೂಂ ಎಂದ ಮೇಲೆ ಅದು ನನ್ನದೂ ಅಲ್ಲ. ಅದೇ ಅಂಗಳದಲ್ಲಿ ನಿಂತು ಮೇಲೆಸೆದೆ. ಇಲ್ಲೇ ನಾನು ತಪ್ಪಿದೆ ನೋಡಿ. ಮೂವತ್ತು ವರ್ಷದ ರೂಢಿ. ಕೈ ಎತ್ತಿದರೆ ಬಾಯಿ ತಾನೇ ಆಡುತ್ತದೆ.

"ಹಳೇ ಹಲ್ಲು ತಗೋ, ಹೊಸಾ ಹಲ್ಲು ಕೊಡು."

ಆಡಿದ ಮೇಲೆ ನಾಲಗೆ ಕಚ್ಚಿಕೊಂಡೆ.

ಬಿದ್ದ ಸದ್ದಿಗಾಗಿ ಕಿವಿಗೊಟ್ಟು ನಿಂತೆ. ಸದ್ದು ಬರಲೇ ಇಲ್ಲ.

ಮೂರು ವಾರದ ಮೇಲೆ ತಂತಿ ಬಿಚ್ಚಿದರು. ಡಾಕ್ಟರರು ಬೆರಳಿನಿಂದ ಅಲುಗಿಸಿ ನೋಡಿ ನಕ್ಕರು. ಹಲ್ಲು ಹಿಡಿದಿತ್ತು. ಅವತ್ತು ನಾನು ಬಾಗಲಕೋಟೆಯ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಪೇಢೆ ಹಂಚಿದೆ, ಗುರುತಿಲ್ಲದವರಿಗೂ. ಸೊಸೆ ಗಂಡುಕೂಸನ್ನು ಎತ್ತಿಕೊಂಡು ಬಂದಾಗ ನೀಲಾ ಬಾಗಿಲಲ್ಲಿ ನಿಂತು ನಕ್ಕಳು. ಸೊಸೆಗೆ ಯಾವ ಹಲ್ಲು ಅಂತ ಗುರುತೇ ಸಿಗಲಿಲ್ಲ. ನನಗೆ ಇನ್ನೇನು ಬೇಕು?

ಆದರೆ ಅದೇ ವಾರ, ಒಂದು ಬೆಳಿಗ್ಗೆ ಅಂಬಲಿ ಕುಡಿಯುವಾಗ, ನನ್ನ ನಾಲಗೆಗೆ ಏನೋ ಚುಚ್ಚಿತು. ಎಡಗಡೆ, ಕಿಂಡಿಯ ಜಾಗದಲ್ಲಿ. ಅಕ್ಕಿಕಾಳಿನ ತುದಿಯಷ್ಟು.

ಯಾರಿಗೂ ಹೇಳಲಿಲ್ಲ. ದಿನಾ ನಾಲಗೆಯಿಂದ ಮುಟ್ಟಿ ನೋಡುತ್ತಿದ್ದೆ. ದಿನಾ ಬೆಳೆಯುತ್ತಿತ್ತು. ಯುಗಾದಿಯ ಹೊತ್ತಿಗೆ ಪೂರ್ತಿ ಹೊರಬಂತು. ನನ್ನ ಕೆಂಪು ಕಲೆಯ ಸವೆದ ಹಲ್ಲುಗಳ ನಡುವೆ, ಪುಟ್ಟದು, ಹಾಲಿನಂಥ ಬಿಳುಪು.

ನೀಲಾಳನ್ನು ತೋರಿಸಲು ಹೋದಾಗ ಡಾಕ್ಟರರಿಗೆ ಬಾಯಿ ತೆರೆದು ತೋರಿಸಿದೆ. ಅವರು ದೀಪ ಹತ್ತಿರ ತಂದರು, ದೂರ ಸರಿಸಿದರು, ಮತ್ತೆ ತಂದರು. ಕೈಯಲ್ಲಿದ್ದ ಪುಟ್ಟ ಕನ್ನಡಿ ನನ್ನ ಹಲ್ಲಿಗೆ ತಾಗಿ ಕಟಕಟ ಎನ್ನುತ್ತಿತ್ತು.

"ಇದು ಹಾಲಹಲ್ಲು, ಅಜ್ಜಿ," ಎಂದರು ಮೆಲ್ಲಗೆ. "ಕೂಸಿಂದು."

"ಯಾರ ಕೂಸಿಂದ್ರೀ?"

ಅವರು ಕೈ ತೊಳೆದುಕೊಂಡರು. ಎರಡು ಸಲ ತೊಳೆದುಕೊಂಡರು. "ಕೀಳಲೇನು?" ಎಂದು ಕೇಳಿದರು. ನಾನು ಬೇಡ ಎಂದೆ. ಕಿತ್ತರೆ ಅದನ್ನು ಎಲ್ಲಿ ಇಡಲಿ?

ಹೀಗೇ ಎಂಟು ವರ್ಷ ಕಳೆದವು. ಕೆಟ್ಟದ್ದೇನೂ ಆಗಲಿಲ್ಲ. ನೀಲಾ ಕಬ್ಬು ಸಿಗಿದು ತಿನ್ನುತ್ತಾಳೆ, ಸೋಡಾ ಬಾಟ್ಲಿಯ ಮುಚ್ಚಳ ಹಲ್ಲಿನಿಂದ ತೆಗೆದು ಬೈಸಿಕೊಳ್ಳುತ್ತಾಳೆ. ಅವಳು ನಕ್ಕಾಗಲೆಲ್ಲ ಅವತ್ತು ತುಟಿ ಬಿಗಿಹಿಡಿದದ್ದು ಸಾರ್ಥಕ ಎನಿಸುತ್ತದೆ. ಇನ್ನೊಮ್ಮೆ ಆ ಬಂಡಿಯಲ್ಲಿ ಕೂಡಿಸಿ ಕೇಳಿದರೂ ನಾನು ಬಾಯಿ ತೆರೆಯುವುದಿಲ್ಲ.

ಮಾಳಿಗೆಗೆ ಮಾತ್ರ ಅಂದಿನಿಂದ ಹತ್ತಿಲ್ಲ. ನೀಲಾಳ ತಮ್ಮನ ಹಲ್ಲು ಬಿದ್ದಾಗ ಹೊಳೆಗೆ ಬಿಡಲು ಹೇಳಿದೆ. ಸೊಸೆ ಯಾಕೆಂದು ಕೇಳಿದಳು. ಮಾಳಿಗೆ ಸೋರುತ್ತದೆ ಎಂದೆ.

ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ... ಮೊನ್ನೆ ನೀಲಾಳ ಫೋಟೋ ತಂದ ದಿನ, ಪೇಢೆ ಕಚ್ಚಿದೆ. ಮೆತ್ತಗಿನ ಪೇಢೆ. ಎಡಗಡೆಯ ಆ ಹಲ್ಲು ಅಲುಗಿತು.

ಹಾಲುಹಲ್ಲು ಅಲ್ಲವೇ, ಎಂದಾದರೂ ಬೀಳಲೇಬೇಕು. ನೀಲಾ ನಗುತ್ತಾಳೆ: "ಆಯಿ, ನಿಂಗೀಗ ಹಲ್ಲು ಬೀಳೋ ವಯಸ್ಸು. ಬೀಳಲಿ ತಗೋ, ನಾನ ಮಾಳಗಿ ಮ್ಯಾಲ ಒಗೀತೀನಿ."

ನಾನೂ ನಗುತ್ತೇನೆ, ತುಟಿ ಮುಚ್ಚಿಕೊಂಡು. ಈಗ ಒಂದು ಎಳೆಯಲ್ಲಿ ನಿಂತಿದೆ. ರಾತ್ರಿ ಮಲಗಿದರೆ ನಾಲಗೆ ಅದರ ಕಡೆಗೇ ಹೋಗುತ್ತದೆ. ನಿದ್ದೆಯಲ್ಲಿ ನುಂಗಿಬಿಟ್ಟೇನೆಂದು ಗೋಡೆಗೆ ಆತು ಕೂತೇ ಬೆಳಗು ಮಾಡುತ್ತಿದ್ದೇನೆ. ಅದು ನನ್ನದಲ್ಲ. ಯಾರದೋ ಏನೋ, ಅವರಿಗೆ ತಿರುಗಿ ಕೊಡಬೇಕಾದೀತು.

ನಿನ್ನೆ ಮಳೆಯಿಲ್ಲ, ಮೋಡವಿಲ್ಲ. ನಡುರಾತ್ರಿ ಪಡಸಾಲೆಯಲ್ಲಿ ಹಸಿ ಮಣ್ಣಿನ ವಾಸನೆ ಬಂತು. ತಲೆ ಎತ್ತಿ ನೋಡಿದೆ. ಬೆಳಕಿಂಡಿಯ ಮೇಲಿನ ಹಾಸುಗಲ್ಲನ್ನು ಯಾರೋ ತುಸು ಸರಿಸಿದ್ದರು.